ಕಾಜದಮ್ಮನ ಬಲಗೈ

ಕೈಯ ಮೇಲಿನ ಹಳದಿ ಇನ್ನೂ ಬಿಟ್ಟಿರಲಿಲ್ಲ, ಆಗಲೇ ಕಾಜದಮ್ಮ ಶಪಥ ಮಾಡಿಬಿಟ್ಟಿದ್ದಳು. ಊಟದ ಮೇಜಿನ ಮುಂದೆ ಕೂತು, ಊದಿಕೊಂಡ ಬಲಗೈಯನ್ನು ದಿಂಬಿನ ಮೇಲಿಟ್ಟು, ಎಡಗೈಯಲ್ಲಿ ಚಮಚ ಹಿಡಿದು ಅನ್ನದ ಜೊತೆ ಗುದ್ದಾಡುತ್ತಾ ಮನೆಯವರೆಲ್ಲರ ಮುಂದೆ ಹೇಳಿದಳು:

"ಈ ಕೈಗೆ ಯಾವಳು ಹೀಗೆ ಮಾಡಿದಳೋ, ಅವಳ ನೀರಿಳಿಸದೆ ನಾನು ಬಿಡೋದಿಲ್ಲ."

"ಊಟ ಮಾಡಮ್ಮ, ಆರಿಹೋಗ್ತಿದೆ," ಎಂದ ಮಗ.

"ಆರಲಿ. ಹೊಟ್ಟೆಯೊಳಗೆ ಬೇಕಾದಷ್ಟು ಉರೀತಿದೆ ನಂಗೆ."

ಮೊಮ್ಮಗಳು ಕಿಸಕ್ಕನೆ ನಕ್ಕಳು. "ಅಜ್ಜಿ, ನಿನ್ನ ಮುಖಾನೂ ಹಳದಿ, ಕಣ್ಣೂ ಹಳದಿ. ಬಚ್ಚಲಿಗೆ ಹೋದ್ರೆ ಅಲ್ಲೂ..."

"ಬಾಯಿ ಮುಚ್ಕೊಂಡು ತಿನ್ನು!" ಎಂದು ಸೊಸೆ ಮಗಳಿಗೆ ಗದರಿದಳು. ಆಮೇಲೆ ತಗ್ಗಿದ ದನಿಯಲ್ಲಿ, "ಆ ಬಣ್ಣ ಇಳಿದುಹೋಗುತ್ತೆ ಅತ್ತೆ. ಎಲ್ಲರಿಗೂ ಹಾಗೇ ಆಗುತ್ತೆ," ಎಂದಳು.

"ಕೈನೂ ಎಲ್ಲರಿಗೂ ಹೀಗೇ ಊದುತ್ತಾ?"

ಸೊಸೆ ಎದ್ದು ನೀರು ತರಲು ಹೋದಳು. ಮೇಜಿನ ಮೇಲೆ ತುಂಬಿದ ಜಗ್ ಇತ್ತು.

ಅವಳಿಗೆ ಕಾಜದಮ್ಮ ಎಂಬ ಹೆಸರು ಬಿದ್ದದ್ದು ಅವಳ ಕೆಲಸದಿಂದ. ಪೇಟೆಯ ಕೋಟಿನ ಟೈಲರು ಹೊಲಿದ ಕೋಟುಗಳಿಗೆ ಗುಂಡಿಮನೆ, ಅಂದರೆ ಕಾಜ, ಮಾಡುವವಳು ಅವಳೇ. ಮಿಷನ್ನಿನಲ್ಲಿ ಹೊಡೆಯುವ ಕಾಜವಲ್ಲ. ಬಟ್ಟೆ ಸೀಳಿ, ಅಂಚಿಗೆ ದಪ್ಪ ನೂಲಿಟ್ಟು, ಅದರ ಸುತ್ತ ಮೇಣ ಸವರಿದ ದಾರದಿಂದ ಗಂಟು ಪಕ್ಕ ಗಂಟು ಕೂರಿಸಿ ಕೈಯಲ್ಲೇ ಮಾಡುವ ಕಾಜ. ಮದುವೆಯ ಕೋಟು, ವಕೀಲರ ಕೋಟು, ಹೆಣದ ಮೆರವಣಿಗೆಯಲ್ಲಿ ಬ್ಯಾಂಡ್ ಬಾರಿಸುವವರ ಕೋಟು, ಎಲ್ಲಕ್ಕೂ ಅವಳದೇ ಕಾಜ. ಗಂಡ ಸತ್ತ ಮೇಲೆ ಮಗನನ್ನು ಸಾಕಿದ್ದು ಅದೇ ಬಲಗೈ. ಈಗ ಮಗ ಲಿಫ್ಟ್ ರಿಪೇರಿ ಮಾಡುತ್ತಾನೆ, ಸೊಸೆ ಕಣ್ಣಾಸ್ಪತ್ರೆಯಲ್ಲಿ ನರ್ಸು. ಮನೆ ಅವಳ ಕಾಜದ ಮೇಲೇನೂ ನಿಂತಿಲ್ಲ. ಆದರೂ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಮಡಿಲಲ್ಲಿ ಕೋಟು ಹರವಿಕೊಂಡು ಕೂತಾಗ ಅವಳು ಆ ಮನೆಯ ಯಜಮಾನಿ. ಆ ಕುರ್ಚಿ ಬಿಟ್ಟು ಎದ್ದರೆ, ಮಂಡಿನೋವಿನ ಒಬ್ಬ ಮುದುಕಿ.

ಸಕ್ಕರೆ ಕಾಯಿಲೆ ಕಣ್ಣಿನ ಹಿಂಬದಿಗೆ ಇಳಿದಿದೆಯೇ ಎಂದು ನೋಡಬೇಕಿತ್ತು. ಕೈಯ ರಕ್ತನಾಳಕ್ಕೆ ಹಳದಿ ಬಣ್ಣದ ಮದ್ದು ಬಿಟ್ಟು, ಅದು ಕಣ್ಣಿನೊಳಗೆ ಹರಿಯುವಾಗ ಫೋಟೋ ತೆಗೆಯುತ್ತಾರೆ. ಸೊಸೆ ಕೆಲಸ ಮಾಡುವುದು ಆ ಕೋಣೆಯಲ್ಲೇ. "ಅಲ್ಲೇ ಮಾಡಿಸೋಣ ಅತ್ತೆ, ನಮ್ಮದೇ ಜಾಗ," ಎಂದು ಕರೆದುಕೊಂಡು ಹೋಗಿದ್ದಳು. ಹೋಗುವ ದಾರಿಯಲ್ಲೇ ಒಂದು ಮಾತು ಹೇಳಿದ್ದಳು: ಸ್ವಂತದವರಿಗೆ ನರ್ಸುಗಳು ಚುಚ್ಚುವ ಹಾಗಿಲ್ಲ, ಅಲ್ಲಿಯ ನಿಯಮ. ದೊಡ್ಡ ಸಿಸ್ಟರ್ ಚುಚ್ಚುತ್ತಾಳೆ.

ಒಳಗೆ ಆದದ್ದು ಇಷ್ಟು. ಕಣ್ಣಿಗೆ ಹನಿ ಹಾಕಿ ಹಾಕಿ ಲೋಕವೆಲ್ಲ ಮಂಜು. ಕೋಣೆ ಕತ್ತಲು. ಗದ್ದವನ್ನು ಯಂತ್ರದ ಬಟ್ಟಲಿನಲ್ಲಿ ಊರಿ, ಹಣೆಯನ್ನು ಪಟ್ಟಿಗೆ ಒತ್ತಿ ಕೂರಿಸಿದರು. ದೊಡ್ಡ ಸಿಸ್ಟರ್ ಮೊಣಕೈ ಹತ್ತಿರ ನಾಳ ಸಿಗದೆ ಮುಂಗೈಗೆ ಪಟ್ಟಿ ಕಟ್ಟಿದಳು. ಆಮೇಲೆ ಹೊರಗೇನೋ ಗಲಾಟೆ, ಬಾಗಿಲು ತೆರೆದು ಮುಚ್ಚಿದ ಸದ್ದು. ಕೊಂಚ ಹೊತ್ತಿಗೆ ಬಲಗೈಯ ಹಿಂಭಾಗಕ್ಕೆ ಸೂಜಿ ಚುಚ್ಚಿತು. ಮರುಗಳಿಗೆಯೇ ಚರ್ಮದ ಕೆಳಗೆ ಕೆಂಡ ಸುರಿದ ಹಾಗಾಯಿತು.

"ಅಯ್ಯಯ್ಯೋ, ಉರಿ! ಉರಿ!" ಎಂದು ಅವಳು ಕೂಗಿದಳು.

"ಅಲ್ಲಾಡಬೇಡಿ ಅಮ್ಮಾ, ಫೋಟೋ ಹಾಳಾಗುತ್ತೆ," ಎಂದ ಯಂತ್ರದ ಆಚೆ ಕಣ್ಣಿಟ್ಟು ಕೂತಿದ್ದ ಕ್ಯಾಮೆರಾದವನು.

ಚುಚ್ಚಿದವಳು ಮಾತ್ರ ತುಟಿಪಿಟಕ್ಕೆನ್ನಲಿಲ್ಲ. ಉರಿಯುತ್ತಿದೆಯಾ ಎಂದು ಕೇಳಲಿಲ್ಲ, ಇನ್ನೇನು ಮುಗಿಯಿತು ಎಂದೂ ಹೇಳಲಿಲ್ಲ. ಕಾಜದಮ್ಮನಿಗೆ ಉರಿಗಿಂತ ಹೆಚ್ಚು ಉರಿಸಿದ್ದು ಆ ಮೌನ. ನಾಯಿಗೆ ಕಲ್ಲು ಬಿದ್ದರೂ ಜನ ಹಚಾ ಅನ್ನುತ್ತಾರೆ, ನನಗೆ ಅದೂ ಇಲ್ಲ ಎಂದು ಅವಳು ಬೀದಿಯವರಿಗೆಲ್ಲ ಹೇಳಿಕೊಂಡು ಬಂದಳು.

"ದೊಡ್ಡ ಸಿಸ್ಟರೇ ತಾನೆ ಚುಚ್ಚಿದ್ದು?" ಎಂದು ಅವತ್ತು ಸಂಜೆ ಸೊಸೆಯನ್ನು ಕೇಳಿದ್ದಳು.

"ಹೂಂ ಅತ್ತೆ," ಎಂದಿದ್ದಳು ಸೊಸೆ.

ಹಳದಿ ಬೇಗನೆ ಹೋಯಿತು, ಕೈ ಸರಿಹೋಗಲಿಲ್ಲ. ಊತದ ನಡುವೆ ಚರ್ಮ ಮೊದಲು ಕೆಂಪಾಯಿತು, ಆಮೇಲೆ ಸುಟ್ಟ ಬದನೆಕಾಯಿಯ ಸಿಪ್ಪೆಯ ಹಾಗೆ ಕಪ್ಪಾಯಿತು, ಕೊನೆಗೆ ಉದುರಿ ಹುಣ್ಣಾಯಿತು. ಹೆಬ್ಬೆರಳೂ ತೋರುಬೆರಳೂ ಒಂದನ್ನೊಂದು ಮುಟ್ಟಲು ಒಪ್ಪಲಿಲ್ಲ. ಸಕ್ಕರೆ ಇರುವ ಮೈ, ನಿಧಾನವಾಗಿ ಮಾಯುತ್ತದೆ ಎಂದರು ಡಾಕ್ಟರು. ಫೀಸು ಬೇಡ, ವಾರಕ್ಕೊಮ್ಮೆ ಬಂದು ತೋರಿಸಿ ಎಂದೂ ಹೇಳಿದರು.

ಕೋಟಿನ ಟೈಲರು ಕೈ ನೋಡಲು ಬಂದ. ಕೇಕ್ ತಂದಿದ್ದ. ಸಕ್ಕರೆ ಕಾಯಿಲೆಯವಳಿಗೆ ಕೇಕು. ಅದನ್ನು ಮೊಮ್ಮಗಳು ತಿಂದಳು. ಅವನು ಟೀ ಕುಡಿದು, ಗಂಟಲು ಸರಿಮಾಡಿಕೊಂಡು, ಕಾಜವಾಗದೆ ಮೂಲೆಯಲ್ಲಿ ಬಿದ್ದಿದ್ದ ಕೋಟುಗಳ ಗಂಟನ್ನು ಎತ್ತಿಕೊಂಡ.

"ಸ್ವಲ್ಪ ದಿನ ಮಿಷನ್ನಿಗೆ ಹಾಕಿಸ್ತೀನಮ್ಮ. ಗಿರಾಕಿಗಳು ಕಾಯೋದಿಲ್ಲ."

"ಮಿಷನ್ ಕಾಜ ಹಾಕಿದ ಕೋಟು ನಾಯಿ ಕಚ್ಚಿದ ಹಾಗಿರುತ್ತೆ ಅಂತ ನೀನೇ ಹೇಳ್ತಿದ್ದೆ."

"ಈಗಲೂ ಹಾಗೇ ಇರುತ್ತೆ," ಎಂದ ಟೈಲರು ಮೆಲ್ಲಗೆ. "ಏನ್ ಮಾಡ್ಲಿ?"

ಅವನು ಹೋದ ಮೇಲೆ ಅವಳು ಕಿಟಕಿಯ ಪಕ್ಕದ ಕುರ್ಚಿಯನ್ನು ಗೋಡೆ ಕಡೆಗೆ ತಿರುಗಿಸಿಟ್ಟಳು. ಎಡಗೈಯಲ್ಲಿ ಆಲೂಗಡ್ಡೆ ಸುಲಿಯಲು ಹೋಗಿ ಬೆರಳು ಕೊಯ್ದುಕೊಂಡಳು. ಬಟ್ಟೆ ಹಿಂಡಲು ಆಗದು, ಜಾಡಿ ಮುಚ್ಚಳ ತೆಗೆಯಲು ಆಗದು, ಜಡೆ ಹೆಣೆಯಲು ಮೊಮ್ಮಗಳನ್ನು ಗೋಗರೆಯಬೇಕು. ಇದ್ದ ಬಲವೆಲ್ಲ ನಾಲಿಗೆಗೆ ಬಂತು.

"ನಾಳೆನೇ ಹೋಗಿ ಡಾಕ್ಟರ ಹತ್ತಿರ ಜಗಳ ಮಾಡು," ಎಂದು ಮಗನನ್ನು ಹಿಡಿದಳು.

"ಅಮ್ಮಾ, ಅವಳು ಅಲ್ಲೇ ಕೆಲಸ ಮಾಡೋದು."

"ಹಾಗಾದ್ರೆ ಅಮ್ಮನ ಕೈಗೆ ಬೆಂಕಿ ಹಚ್ಚಿದ್ರೂ ಸುಮ್ಮನಿರ್ತೀಯ?"

"ಹಾಗಲ್ಲಮ್ಮ..."

"ಹಾಗಲ್ಲ, ಹೀಗಲ್ಲ. ಹಗಲೆಲ್ಲಾ ಲಿಫ್ಟಲ್ಲಿ ಮೇಲೆ ಕೆಳಗೆ ಹೋಗ್ತೀಯ, ಮನೆಗೆ ಬಂದ್ರೆ ಹೆಂಡತಿ ಹತ್ತಿರ ಒಂದ್ಸಲ, ನನ್ನ ಹತ್ತಿರ ಒಂದ್ಸಲ. ಯಾವ ಮಹಡಿಯಲ್ಲೂ ನಿಲ್ಲೋದು ಮಾತ್ರ ಇಲ್ಲ!"

ಮಗ ಬನಿಯನ್ ಹಾಕಿಕೊಂಡು ಪಾತ್ರೆ ತೊಳೆಯಲು ಹೋದ. ಮನೆಯಲ್ಲಿ ಜಗಳವಾದಾಗಲೆಲ್ಲ ಪಾತ್ರೆಗಳು ಫಳಫಳ ಹೊಳೆಯುತ್ತಿದ್ದವು.

ಸೊಸೆ ಮಾತ್ರ ಎದುರಾಡಲಿಲ್ಲ. ಮೊದಲಾದರೆ ಅತ್ತೆ ಒಂದಂದರೆ ಅವಳು ಒಂದೂವರೆ ಅನ್ನುತ್ತಿದ್ದಳು. ಈಗ ಕೆಲಸದಿಂದ ಬಂದವಳೇ ಕೈ ತೊಳೆದು, ಬಿಸಿನೀರಿಟ್ಟು, ನೆಲದ ಮೇಲೆ ಮಂಡಿಯೂರಿ ಕೂತು ಹುಣ್ಣಿನ ಬಟ್ಟೆ ಬದಲಿಸುತ್ತಿದ್ದಳು. ಹತ್ತಿಯನ್ನು ಎಷ್ಟು ಮೆತ್ತಗೆ ಒತ್ತುತ್ತಿದ್ದಳೆಂದರೆ ನೋವಿಗೂ ಗೊತ್ತಾಗುತ್ತಿರಲಿಲ್ಲ. ಬೇಳೆಗೆ ಉಪ್ಪು ಕಡಿಮೆ ಎಂದರೆ ಉಪ್ಪು, ಮೊಟ್ಟೆ ಗಟ್ಟಿಯಾಯಿತು ಎಂದರೆ ಬೇರೆ ಮೊಟ್ಟೆ. "ಹೊಟ್ಟೇಲಿ ಹುಟ್ಟಿದವಳೂ ಇಷ್ಟು ಮಾಡೋದಿಲ್ಲ," ಎಂದು ಕಾಜದಮ್ಮ ಎದುರುಮನೆಯವಳ ಹತ್ತಿರ ಹೇಳಿಕೊಂಡಳು. ಹೇಳಿದ ಮೇಲೆ ತನಗೇ ಆಶ್ಚರ್ಯವಾಯಿತು. ಸೊಸೆಯನ್ನು ಅವಳು ಹೊಗಳಿದ್ದು ಅದೇ ಮೊದಲು.

ಮಗನಿಂದ ಕೆಲಸವಾಗದು ಎಂದು ಗೊತ್ತಾದ ಮೇಲೆ ಅವಳು ತಾನೇ ಟೊಂಕ ಕಟ್ಟಿದಳು. ವಾರಕ್ಕೊಮ್ಮೆ ಬನ್ನಿ ಎಂದಿದ್ದ ಆಸ್ಪತ್ರೆಗೆ ದಿನಾ ಹೋಗತೊಡಗಿದಳು. ಕಾಯುವ ಕೋಣೆಯಲ್ಲಿ, ಮದ್ದಿನ ಫೋಟೋಗೆ ಬಂದವರು ಕೂರುವ ಬೆಂಚಿನ ತುದಿಯಲ್ಲಿ ಜಾಗ ಹಿಡಿದಳು. ಪಕ್ಕದಲ್ಲಿ ಯಾರಾದರೂ ಬಂದು ಕೂತರೆ ಸಾಕು, ಬಟ್ಟೆ ಬಿಚ್ಚಿ ಕೈ ಮುಂದೆ ಚಾಚುವಳು.

"ನೋಡ್ಕೊಳ್ಳಿ. ಇಲ್ಲೇ ಆಗಿದ್ದು."

"ಅಯ್ಯೋ ದೇವರೇ!"

"ದೇವರಲ್ಲ, ದೊಡ್ಡ ಸಿಸ್ಟರು. ಈಗ ನಾನು ಹೇಳೋದು ಕೇಳಿ. ಚಿಟ್ಟೆ ಸೂಜಿ ಅಂತ ಇರುತ್ತೆ, ಎರಡು ರೆಕ್ಕೆ, ಹಿಂದೆ ಸಣ್ಣ ನಳಿಕೆ. ಅದರಲ್ಲೇ ಚುಚ್ಚಿ ಅನ್ನಿ. ನಳಿಕೆಗೆ ರಕ್ತ ಬಂತಾ ಕೇಳಿ. ಬಂದ ಮೇಲೂ ಮದ್ದು ಬೇಡ, ಮೊದಲು ಉಪ್ಪುನೀರು ಬಿಡಿ ಅನ್ನಿ. ನೀರಿಗೆ ಊತ ಬರದೇ ಇದ್ರೆ ಮಾತ್ರ ಮದ್ದು. ಅಲ್ಲೀವರೆಗೂ ಕೈ ಕೊಡಬೇಡಿ."

ಇದನ್ನೆಲ್ಲ ಅವಳಿಗೆ ಹೇಳಿಕೊಟ್ಟವಳು ಸೊಸೆಯೇ. ಹಿಂದೆ ಊಟಕ್ಕೆ ಕೂತಾಗ ತನ್ನ ಕೆಲಸದ ಬಗ್ಗೆ ಜಂಭ ಕೊಚ್ಚುತ್ತಿದ್ದಳು. ನಾನು ಹೀಗೆ ಮಾಡ್ತೀನಿ, ಹಾಗೆ ನೋಡ್ತೀನಿ, ನನ್ನ ಕೈಯಲ್ಲಿ ಒಬ್ಬರಿಗೂ ಊದಿಲ್ಲ ಎಂದು. ಕಾಜದಮ್ಮ ಕೇಳದವಳ ಹಾಗೆ ತಿನ್ನುತ್ತಿದ್ದಳು, ಕಿವಿಗೆ ಮಾತ್ರ ಎಲ್ಲ ಬಿದ್ದಿತ್ತು.

ಕಾಯುವ ಕೋಣೆ ಹೊತ್ತಿಕೊಂಡಿತು. ಕೆಲವರು ಎದ್ದು ಹೋದರು. ಉಳಿದವರು ಒಳಗೆ ಹೋಗಿ ಕೈ ಹಿಂದಕ್ಕೆ ಕಟ್ಟಿಕೊಂಡು, "ಮೊದಲು ನೀರು ತೋರಿಸಿ," ಎಂದು ಪಟ್ಟು ಹಿಡಿದರು. ದೊಡ್ಡ ಸಿಸ್ಟರ್ ಬಾಗಿಲಲ್ಲಿ ಕಂಡರೆ ಬೆಂಚಿನಲ್ಲಿ ಗುಸುಗುಸು. ಅವಳು ದಪ್ಪ ಕನ್ನಡಕದ, ನಿವೃತ್ತಿ ಹತ್ತಿರದ ಹೆಂಗಸು. ಕಾಜದಮ್ಮನ ಕಡೆ ಒಮ್ಮೆ ನೋಡುವಳು, ಏನೋ ಹೇಳಲು ಬಾಯಿ ತೆರೆಯುವಳು, ಮತ್ತೆ ಮುಚ್ಚಿಕೊಂಡು ಒಳಗೆ ಹೋಗುವಳು.

"ಮುಖ ತೋರಿಸೋಕೆ ಆಗ್ತಿಲ್ಲ ನೋಡಿ," ಎಂದು ಕಾಜದಮ್ಮ ಎಲ್ಲರಿಗೂ ಕೇಳುವ ಹಾಗೆ ಹೇಳುವಳು.

"ಅತ್ತೆ, ಸಾಕು ಮಾಡಿ," ಎಂದು ಒಂದು ಸಂಜೆ ಸೊಸೆ ಅಂಗಲಾಚಿದಳು. "ಜನ ಹೆದರಿ ವಾಪಸ್ ಹೋಗ್ತಿದ್ದಾರೆ. ಅವರ ಕಣ್ಣು ಹೋಗುತ್ತೆ."

"ವಾಪಸ್ ಹೋಗಿ ಅಂದ್ನಾ ನಾನು? ನೀರು ಕೇಳಿ ಅಂದೆ. ನೀನೇ ಹೇಳಿಕೊಟ್ಟಿದ್ದು."

"ದೊಡ್ಡ ಸಿಸ್ಟರ್ ಒಳ್ಳೆಯವರು ಅತ್ತೆ. ನನಗೆ ಕೆಲಸ ಕಲಿಸಿದವರು."

"ಅದಕ್ಕೇ ನನ್ನ ಕೈ ದಕ್ಷಿಣೆ ಕೊಟ್ಟೆಯಾ?"

ಸೊಸೆಯ ಮುಖ ಬಿಳಿಚಿಕೊಂಡಿತು. ತಟ್ಟೆ ಹಾಗೇ ಬಿಟ್ಟು ಎದ್ದಳು. "ಅವಳಿಗೆ ಹುಷಾರಿಲ್ಲ ಅಂತ ಕಾಣುತ್ತೆ," ಎಂದ ಮಗ, ಯಾರಿಗೂ ಅಲ್ಲ ಎಂಬ ಹಾಗೆ.

ಕೊನೆಗೆ ಡಾಕ್ಟರು ಮಣಿದರು. ದೊಡ್ಡ ಸಿಸ್ಟರನ್ನು ಫೋಟೋ ಕೋಣೆಯಿಂದ ತೆಗೆದು ಹಿಂದುಗಡೆ ಸಾಮಾನು ತೊಳೆಯುವ ಕೋಣೆಗೆ ಹಾಕಿದರು. ಸುದ್ದಿ ತಂದವಳು ಸೊಸೆಯೇ. ಬಾಗಿಲಲ್ಲಿ ನಿಂತು, ಚಪ್ಪಲಿ ಕೂಡ ಬಿಡದೆ ಹೇಳಿದಳು.

ಕಾಜದಮ್ಮನ ಹೊಟ್ಟೆ ತಣ್ಣಗಾಯಿತು. ಅವತ್ತು ತಾನೇ ಒಲೆಯ ಮುಂದೆ ನಿಂತು, ಎಡಗೈಯಲ್ಲೇ ಮೊಟ್ಟೆ ಒಡೆದು, ಸಿಪ್ಪೆಸಮೇತ ಬಾಣಲೆಗೆ ಬಿದ್ದದ್ದನ್ನು ಆರಿಸಿ ತೆಗೆದು, ಎಲ್ಲರಿಗೂ ಹುರಿದು ಬಡಿಸಿದಳು. ಕುರ್ಚಿಯನ್ನು ಮತ್ತೆ ಕಿಟಕಿಯ ಕಡೆಗೆ ತಿರುಗಿಸಿದಳು.

"ಅಜ್ಜಿ ಗೆದ್ದಳು!" ಎಂದು ಮೊಮ್ಮಗಳು ಚಪ್ಪಾಳೆ ತಟ್ಟಿದಳು.

ಸೊಸೆ ಮೊಟ್ಟೆ ಮುಟ್ಟಲಿಲ್ಲ.

ಗೆದ್ದವಳಿಗೆ ಗೆಲುವನ್ನು ಕಣ್ಣಾರೆ ನೋಡದೆ ನಿದ್ದೆ ಬರಲಿಲ್ಲ. ಮರುದಿನವೇ ಆಸ್ಪತ್ರೆಗೆ ಹೋಗಿ, ಕಾರಿಡಾರಿನ ಕೊನೆಯ ಬಾಗಿಲು ತಳ್ಳಿದಳು. ಒಳಗೆ ಹಬೆ. ದೊಡ್ಡ ಸಿಸ್ಟರ್ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸ್ಟೀಲ್ ತಟ್ಟೆಗಳನ್ನು ಉಜ್ಜುತ್ತಿದ್ದಳು. ಹಬೆಗೆ ಕನ್ನಡಕ ಮಸುಕಾಗಿತ್ತು.

"ಬಿಸಿನೀರಿಗೆ ಕೈ ಉರೀತಿದೆಯಾ ಸಿಸ್ಟರ್?" ಎಂದಳು ಕಾಜದಮ್ಮ. "ನಂಗೂ ಉರೀತಿತ್ತು. ಕೂಗಿದೆ. ಏನು ಅಂತ ಒಂದು ಮಾತು ಕೇಳೋಕೆ ನಿಮ್ಮ ಬಾಯಲ್ಲಿ ಏನಿತ್ತು?"

ಸಿಸ್ಟರ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. "ನಾನು ಆ ರೂಮಲ್ಲಿ ಇರಲೇ ಇಲ್ಲ ಕಣ್ರೀ."

"ಸುಳ್ಳು!"

"ನಿಮ್ಮ ಮುಂಗೈಗೆ ಪಟ್ಟಿ ಕಟ್ಟಿದೆ. ಅಷ್ಟರಲ್ಲಿ ಹೊರಗೆ ಒಬ್ಬರು ತಲೆ ತಿರುಗಿ ಬಿದ್ರು, ಎತ್ತೋಕೆ ಓಡಿದೆ. ನಾನು ಬರೋವರೆಗೂ ಕಾದಿರು ಅಂತ ಹೇಳೇ ಹೋದೆ. ವಾಪಸ್ ಬರೋ ಹೊತ್ತಿಗೆ ಎಲ್ಲಾ ಆಗಿಹೋಗಿತ್ತು."

"ಮತ್ತೆ ಚುಚ್ಚಿದ್ದು..."

ಕೇಳುವಾಗಲೇ ಕಾಜದಮ್ಮನ ದನಿ ಕುಸಿಯಿತು. ಆ ಕೋಣೆಯಲ್ಲಿ ಇದ್ದ ನರ್ಸು ಇನ್ನೊಬ್ಬಳೇ, ಸೊಸೆ. ಚುಚ್ಚಿದವಳು ಯಾಕೆ ಬಾಯಿ ಬಿಡಲಿಲ್ಲ ಎಂದು ಈಗ ಅರ್ಥವಾಯಿತು. ಬಿಟ್ಟಿದ್ದರೆ ದನಿ ಗುರುತು ಸಿಗುತ್ತಿತ್ತು.

"ಡಾಕ್ಟರಿಗೆ ಯಾಕೆ ಹೇಳಲಿಲ್ಲ ನೀವು?"

"ನಿಯಮ ಮುರಿದಳು ಅಂತ ಅವಳನ್ನ ತೆಗೆದುಹಾಕ್ತಿದ್ರು. ಕಾಲು ಹಿಡ್ಕೊಂಡು ಅತ್ತಳು. ನಾಲ್ಕು ದಿನ ಗಲಾಟೆ ಆಗುತ್ತೆ, ತಣ್ಣಗಾಗುತ್ತೆ ಅಂದ್ಕೊಂಡೆ." ಸಿಸ್ಟರ್ ಕನ್ನಡಕ ಹಾಕಿಕೊಂಡು ಮತ್ತೆ ತಟ್ಟೆ ಎತ್ತಿಕೊಂಡಳು. "ನಿಮ್ಮ ನಾಲಿಗೆ ತಣ್ಣಗಾಗೋದಿಲ್ಲ ಅಂತ ನಂಗೇನು ಗೊತ್ತಿತ್ತು? ಈಗ ಹೋಗಿ, ನಂಗೆ ಕೆಲಸ ಇದೆ."

ಕಾಜದಮ್ಮ ಬಸ್ಸು ಹತ್ತಲಿಲ್ಲ. ನಡೆದೇ ಬಂದಳು. ಕಾಯುವ ಕೋಣೆಯಲ್ಲಿ ತಾನು ಆಡಿದ ಮಾತು ಒಂದೊಂದೂ ಎದುರಿಗೆ ಬಂದು ನಿಂತಿತು, ನಾಚಿಕೆಯಾಯಿತು. ಆದರೆ ನಾಚಿಕೆಗೆ ಸಿಟ್ಟಿನಷ್ಟು ಕಾಲಿಲ್ಲ, ಅರ್ಧ ದಾರಿಯಲ್ಲೇ ಹಿಂದೆ ಬಿತ್ತು. ದಿನಾ ಮಂಡಿಯೂರಿ ಹತ್ತಿ ಒತ್ತಿದವಳು! ತನ್ನ ಬಾಯಿಂದಲೇ ಹೊಗಳಿಸಿಕೊಂಡವಳು! ಎದುರುಮನೆಯವಳ ಹತ್ತಿರ ಆಡಿದ ಮಾತು ನೆನಪಾಗಿ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಹಗೆ ಸರಿಯಾಗಿಯೇ ಇತ್ತು, ಬೇರೆಯವರ ಬಾಗಿಲಿಗೆ ಹೋಗಿತ್ತು, ಅಷ್ಟೆ.

ಮನೆಗೆ ಬಂದು ಕೂಗಾಡಲಿಲ್ಲ. ಬೇಳೆ ಅನ್ನ ತಿಂದಳು. ಉಪ್ಪು ಸರಿಯಿದೆ ಎಂದಳು. ಊಟವಾದ ಮೇಲೆ ಸೊಸೆ ಬಿಸಿನೀರು ತಂದು ಮಂಡಿಯೂರಿದಳು. ಮಗ ಪಾತ್ರೆಯ ಹತ್ತಿರವಿದ್ದ, ಮೊಮ್ಮಗಳು ಮೂಲೆಯಲ್ಲಿ ಓದುತ್ತಿದ್ದಳು. ಹತ್ತಿ ಹುಣ್ಣನ್ನು ಮುಟ್ಟುವವರೆಗೂ ಕಾದು ಕಾಜದಮ್ಮ ಮೆತ್ತಗೆ ಕೇಳಿದಳು:

"ಅವತ್ತು ನಳಿಕೆಗೆ ರಕ್ತ ಬಂದಿತ್ತಾ?"

ಹತ್ತಿ ನಿಂತಿತು.

"ಹೇಳು. ಬಂದಿತ್ತಾ?"

"ಸರಿಯಾಗಿ... ಬಂದಿರಲಿಲ್ಲ," ಎಂದಳು ಸೊಸೆ. ತಲೆ ಎತ್ತಲಿಲ್ಲ.

"ನೀರು ಬಿಟ್ಟೆಯಾ?"

"ಇಲ್ಲ."

ಅಡುಗೆಮನೆಯಲ್ಲಿ ನಲ್ಲಿ ನಿಂತಿತು. ಮಗ ಒದ್ದೆ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತ. "ಏನಮ್ಮಾ? ಏನು ವಿಷಯ?"

"ನಿನ್ನ ಹೆಂಡತೀನೇ ಕೇಳು. ಬೀದಿಯವರಿಗೆಲ್ಲ ಉಪ್ಪುನೀರು, ಅತ್ತೆಗೆ ಮಾತ್ರ ಬೆಂಕಿ. ಸುಡೋದನ್ನೂ ಅವಳೇ ಸುಟ್ಟು, ಮುಲಾಮೂ ಅವಳೇ ಹಚ್ಚಿ, ಪುಣ್ಯಾನೂ ಅವಳೇ ಕಟ್ಕೊಂಡಳು!"

ಸೊಸೆ ಎದ್ದು ನಿಂತಳು. ಇಷ್ಟು ವಾರ ಒಳಗೆ ಹಿಡಿದಿಟ್ಟದ್ದು ಒಮ್ಮೆಲೇ ಹೊರಗೆ ಬಂತು.

"ಬೇಕಂತ ಮಾಡಿದ್ನಾ ನಾನು? ಡಾಕ್ಟರು ಪಕ್ಕದ ರೂಮಿಂದ ರೆಡಿನಾ ರೆಡಿನಾ ಅಂತ ಒಂದೇ ಸಮ ಕೂಗ್ತಿದ್ರು. ದಿನಾ ನೋಡೋ ಕೈ, ನಂಗೆ ಗೊತ್ತು ಅಂದ್ಕೊಂಡೆ. ಚುಚ್ಚಿದೆ. ರಕ್ತ ಬರಲಿಲ್ಲ. ತೆಗೆದು ಇನ್ನೊಂದ್ಸಲ ಚುಚ್ಚಬೇಕಿತ್ತು. ಬೇರೆ ಯಾರಾದ್ರೂ ಆಗಿದ್ರೆ ತೆಗೀತಿದ್ದೆ! ಹೊರಗೆ ಬೆಂಚಿನ ಮೇಲೆ ಕೂತು ನೀವೇನಂದ್ರಿ, ನೆನಪಿದೆಯಾ?"

ಕಾಜದಮ್ಮನಿಗೆ ನೆನಪಿತ್ತು. ಅದಕ್ಕೂ ಮುಂಚೆ ಒಮ್ಮೆ ರಕ್ತ ತೆಗೆಯುವವನು ಕೈಯೆಲ್ಲ ಜರಡಿ ಮಾಡಿದ್ದ. ಆ ಸಿಟ್ಟಿಗೆ ಅವತ್ತು ಎಲ್ಲರಿಗೂ ಕೇಳುವ ಹಾಗೆ, "ನನ್ನ ಸೊಸೆ ಇಲ್ಲಿ ಇದ್ದಾಳೆ ಅಂತ ಬಂದಿದ್ದೀನಿ. ಒಂದೇ ಸಲ ಚುಚ್ಚಬೇಕು. ಎರಡನೇದು ಅಂದ್ರೆ ಎದ್ದು ಹೋಗ್ತೀನಿ, ಆಮೇಲೆ ಮನೇಲಿ ಇವಳನ್ನ ವಿಚಾರಿಸ್ಕೊಳ್ತೀನಿ," ಎಂದಿದ್ದಳು. ಜನ ನಕ್ಕಿದ್ದರು.

"ಎರಡನೇ ಸಲ ಚುಚ್ಚಿದ್ರೆ ವರ್ಷಗಟ್ಟಲೆ ಆಡ್ಕೋತೀರಿ ಅಂತ ಹೆದರಿಕೆ," ಎಂದಳು ಸೊಸೆ. "ಆ ಹೆದರಿಕೆಗೆ ಮದ್ದು ತಳ್ಳಿಬಿಟ್ಟೆ. ನೀವು ಹೇಳಿದ್ದಕ್ಕೇ ಹಾಗಾಯ್ತು!"

"ನಾನು ಹೇಳಿದ್ದಕ್ಕಾ?" ಕಾಜದಮ್ಮ ಕುರ್ಚಿಯಿಂದ ಅರ್ಧ ಎದ್ದಳು. "ಈ ಮನೆಗೆ ಬಂದಾಗಿನಿಂದ ನಾನು ಹೇಳಿದ್ದು ಯಾವುದು ಕೇಳಿದ್ದೀಯ ನೀನು? ಹಾಲು ಉಕ್ಕುತ್ತೆ ನೋಡು ಅಂದ್ರೆ ಕೇಳಲಿಲ್ಲ, ಮಗೂಗೆ ಟೋಪಿ ಹಾಕು ಅಂದ್ರೆ ಕೇಳಲಿಲ್ಲ. ಅದೊಂದು ಮಾತು ಮಾತ್ರ ಕೇಳಿದೆಯಾ, ಪಾಪ!"

ಮೂಲೆಯಲ್ಲಿ ಮೊಮ್ಮಗಳು ನಗು ತಡೆಯಲು ಪುಸ್ತಕದಿಂದ ಮುಖ ಮುಚ್ಚಿಕೊಂಡಳು. ಬೇರೆ ಯಾರೂ ನಗಲಿಲ್ಲ.

"ಅಮ್ಮಾ, ಆಗಿದ್ದು ಆಗಿಹೋಯ್ತು. ಕ್ಷಮಿಸಿಬಿಡು," ಎಂದ ಮಗ.

"ಕ್ಷಮೆ ಗಿಮೆ ನನ್ನ ಹತ್ತಿರ ಇಲ್ಲ. ಸಿಸ್ಟರ್ ಹತ್ತಿರ ಇತ್ತು, ಅವಳಿಗೆ ಏನು ಸಿಕ್ತು ನೋಡ್ದೆಯಲ್ಲ. ನಾಳೆ ಬೆಳಿಗ್ಗೆ ಇವಳು ನನ್ನ ಜೊತೆ ಬರ್ತಾಳೆ."

ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸಿನಲ್ಲಿ, ಬೇರೆ ಬೇರೆ ಸೀಟಿನಲ್ಲಿ ಹೋದರು. ಡಾಕ್ಟರ ಮುಂದೆ, ದೊಡ್ಡ ಸಿಸ್ಟರನ್ನೂ ಕರೆಸಿ, ಸೊಸೆ ನಡೆದದ್ದನ್ನು ಹೇಳಿದಳು. ಡಾಕ್ಟರು ಕೆಂಡವಾದರು. "ನಾಳೆಯಿಂದ ಬರಬೇಡ!"

"ಅದೊಂದು ಆಗೋದಿಲ್ಲ," ಎಂದಳು ಕಾಜದಮ್ಮ.

"ನಿಮ್ಮ ಕೈ ಹಾಳು ಮಾಡಿದವಳು ಇವಳು!"

"ಹೌದು, ನನ್ನ ಕೈ. ಅದಕ್ಕೇ ಶಿಕ್ಷೆ ಹೇಳೋಳು ನಾನು. ನೀವು ತೆಗೆದುಹಾಕಿದ್ರೆ ಇವಳು ಮನೇಲಿ ಕಾಲು ಚಾಚಿ ಕೂರ್ತಾಳೆ. ಇಲ್ಲೂ ದುಡೀಲಿ, ಬಂದು ನನ್ನ ಹತ್ತಿರಾನೂ ದುಡೀಲಿ. ಮತ್ತೆ ಡಾಕ್ಟ್ರೇ, ರೆಡಿನಾ ರೆಡಿನಾ ಅಂತ ಕೂಗಿದವರು ನೀವಂತೆ. ಅದನ್ನೂ ಬೆಂಚಲ್ಲಿ ಕೂತು ಹೇಳ್ಲಾ?"

ಡಾಕ್ಟರು ನೀರು ಕುಡಿದರು. ದೊಡ್ಡ ಸಿಸ್ಟರ್ ಫೋಟೋ ಕೋಣೆಗೆ ವಾಪಸಾದಳು. ಯಾರೇ ಬರಲಿ, ಮೊದಲು ನೀರು, ಆಮೇಲೆ ಮದ್ದು ಎಂದು ಗೋಡೆಗೆ ಅಂಟಿಸಿದರು. ಸೊಸೆಯನ್ನು ಸೂಜಿಯಿಂದ ದೂರವಿಟ್ಟು ಕಣ್ಣಿಗೆ ಹನಿ ಹಾಕುವ ಕೆಲಸ ಕೊಟ್ಟರು. ಕಾಜದಮ್ಮ ಹೋಗುವ ಮುನ್ನ ಬೆಂಚಿನ ಮುಂದೆ ನಿಂತು, "ನಾನು ಹೇಳಿದ್ದ ಸಿಸ್ಟರ್ ಇವರಲ್ಲ. ಇವರ ಕೈಗೆ ಕಣ್ಣು ಮುಚ್ಚಿ ಕೈ ಕೊಡಿ," ಎಂದಳು. ಸಿಸ್ಟರ್ ಮುಖ ತಿರುಗಿಸಿಕೊಂಡು ಒಳಗೆ ಹೋದಳು. ಅದೂ ಸರಿಯೇ ಅನಿಸಿತು ಕಾಜದಮ್ಮನಿಗೆ. ತಾನಾಗಿದ್ದರೆ ಇಷ್ಟಕ್ಕೆ ಬಿಡುತ್ತಿರಲಿಲ್ಲ.

ಆ ವಾರವೇ ಟೈಲರನ್ನು ಕರೆಸಿ ಕೋಟು ತರಲು ಹೇಳಿದಳು.

"ಕೈ ಸರಿಹೋಯ್ತಾ ಅಮ್ಮ?"

"ಹೊಸ ಕೈ ಬಂದಿದೆ."

ಸೊಸೆ ಕೆಲಸದಿಂದ ಬಂದು, ಟೀ ಕುಡಿದು, ಅತ್ತೆಯ ಕಾಲ ಬಳಿ ಮಣೆ ಹಾಕಿಕೊಂಡು ಕೂರಬೇಕು. ಹಳೆಯ ಬಟ್ಟೆಯ ಮೇಲೆ ಕಾಜ. ಗಂಟು ಒಂದು ಮೇಲೆ ಒಂದು ಕೆಳಗೆ ಆದರೆ ಕಾಜದಮ್ಮ ಎಡಗೈಯಲ್ಲಿ ಕತ್ತರಿ ಹಿಡಿದು ಪೂರ್ತಿ ಬಿಚ್ಚುವಳು. "ಮತ್ತೆ." ಮೇಣ ಹೆಚ್ಚಾಯಿತು, ಮತ್ತೆ. ದಾರ ಬಿಗಿಯಾಯಿತು, ಮತ್ತೆ. ಸೊಸೆಯ ಬೆರಳ ತುದಿಗಳು ಜರಡಿಯಾದವು. "ಉರೀತಿದೆಯಾ?" ಎಂದು ಅತ್ತೆ ಕೇಳುವಳು. ಸೊಸೆ ಹಲ್ಲು ಕಚ್ಚಿಕೊಂಡು ದಾರ ಪೋಣಿಸುವಳು.

"ಅಮ್ಮ ಜೈಲಲ್ಲಿದ್ದಾಳೆ," ಎಂದು ಮೊಮ್ಮಗಳು ಅಪ್ಪನಿಗೆ ಪಿಸುಗುಟ್ಟಿದಳು.

"ಜೈಲಾದ್ರೆ ಬಿಡುಗಡೆ ಇರುತ್ತೆ," ಎಂದ ಅವನು, ಬಾಣಲೆ ಉಜ್ಜುತ್ತಾ.

ವಾರಗಳು ಉರುಳಿದವು. ಹುಣ್ಣು ಮಾಯಿತು, ಕಲೆ ಉಳಿಯಿತು, ಬೆರಳುಗಳ ಜಗಳ ಮುಗಿಯಲಿಲ್ಲ. ಒಂದು ಸಂಜೆ ಕಾಜದಮ್ಮ ಒಂದು ಕಾಜವನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಕತ್ತರಿ ಎತ್ತಲಿಲ್ಲ. "ಹೂಂ," ಎಂದು ಕೋಟನ್ನು ಮಡಿಸಿಟ್ಟಳು. ಸೊಸೆ ಬಚ್ಚಲಿಗೆ ಹೋಗಿ ತುಂಬ ಹೊತ್ತು ಮುಖ ತೊಳೆದುಕೊಂಡು ಬಂದಳು.

ಮತ್ತೆ ಕಣ್ಣಿನ ಫೋಟೋ ತೆಗೆಯಬೇಕೆಂದು ಹೇಳಿಕಳಿಸಿದರು. ಬೇರೆ ಆಸ್ಪತ್ರೆಗೆ ಹೋಗೋಣ ಎಂದ ಮಗ. ಕಾಜದಮ್ಮ ಒಪ್ಪಲಿಲ್ಲ.

"ಅಲ್ಲೇ ಹೋಗ್ತೀನಿ. ಇವಳೇ ಚುಚ್ಚಬೇಕು."

ಸೊಸೆ ಚಮಚ ಕೆಳಗಿಟ್ಟಳು. "ನಿಯಮ ಒಪ್ಪೋದಿಲ್ಲ ಅತ್ತೆ. ನಾನು ಸೂಜಿ ಮುಟ್ಟಿ ಎಷ್ಟೋ ದಿನ ಆಯ್ತು."

"ಡಾಕ್ಟರ ಹತ್ತಿರ ನಾನು ಮಾತಾಡ್ತೀನಿ."

ಅವಳು ಮಾತಾಡುತ್ತೇನೆ ಎಂದರೆ ಡಾಕ್ಟರಿಗೆ ಸಾಕಿತ್ತು. ದೊಡ್ಡ ಸಿಸ್ಟರ್ ಪಕ್ಕದಲ್ಲಿ ನಿಂತಿರಬೇಕು ಎಂಬ ಷರತ್ತಿನ ಮೇಲೆ ಒಪ್ಪಿದರು.

ಅದೇ ಕತ್ತಲೆ ಕೋಣೆ, ಅದೇ ಮಂಜು. ಆದರೆ ಈ ಸಲ ಕಾಜದಮ್ಮ ಗದ್ದವನ್ನು ಬಟ್ಟಲಿಗೆ ಊರಲಿಲ್ಲ. ಸೊಸೆಯ ಕಡೆ ನೇರ ಮುಖ ತಿರುಗಿಸಿ ಕೂತು, ಎಡಗೈಯನ್ನು ಮುಂದಕ್ಕೆ ಚಾಚಿದಳು. ಚಮಚ ಹಿಡಿಯುವ, ಕತ್ತರಿ ಹಿಡಿಯುವ, ಉಳಿದಿರುವ ಒಂದೇ ಕೈ.

"ಅತ್ತೆ, ಬೇಡ," ಎಂದಳು ಸೊಸೆ. "ಇದಕ್ಕೇನಾದ್ರೂ ಆದ್ರೆ..."

"ಆದ್ರೆ ನಂಗೆ ಊಟಾನೂ ನೀನೇ ಮಾಡಿಸ್ಬೇಕು. ಚುಚ್ಚು."

ರೆಕ್ಕೆಯ ಸೂಜಿ ಚರ್ಮದೊಳಗೆ ಹೋಯಿತು. ದೊಡ್ಡ ಸಿಸ್ಟರ್ ಸಣ್ಣ ಟಾರ್ಚ್ ಹಿಡಿದು ಬಾಗಿದಳು. ನಳಿಕೆ ಬರಿದಾಗಿಯೇ ಇತ್ತು. ಸೊಸೆ ಅತ್ತೆಯ ಮುಖ ನೋಡಿದಳು, ಆ ನಾಲಿಗೆ ಈಗ ಏಳುತ್ತದೆ ಎಂದು ಕಾದಳು. ಕಾಜದಮ್ಮ ತುಟಿಪಿಟಕ್ಕೆನ್ನಲಿಲ್ಲ. ಆ ಮೌನ ಹೇಗಿರುತ್ತದೆ ಎಂದು ಇವಳಿಗೂ ಗೊತ್ತಾಗಲಿ.

ಸೊಸೆ ಉಸಿರು ಎಳೆದುಕೊಂಡು ಸೂಜಿ ಹೊರತೆಗೆದಳು. ಹತ್ತಿ ಒತ್ತಿದಳು. ಹೊಸ ಸೂಜಿ ತೆಗೆದುಕೊಂಡು ಎರಡನೇ ಸಲ ಚುಚ್ಚಿದಳು. ನಳಿಕೆಯೊಳಗೆ ಕೆಂಪು ಎದ್ದು ಬಂತು. ನಿಧಾನವಾಗಿ ನೀರು ಬಿಟ್ಟಳು, ಹೆಬ್ಬೆರಳಿನಿಂದ ಆ ಜಾಗ ಮುಟ್ಟಿ ನೋಡುತ್ತಾ.

"ಉರೀತಿದೆಯಾ ಅತ್ತೆ?"

ಉರಿಯುತ್ತಿರಲಿಲ್ಲ. ಸ್ವಲ್ಪ ತಣ್ಣಗಾಯಿತು, ಅಷ್ಟೆ. ಆದರೆ ಕಾಜದಮ್ಮ ಉತ್ತರ ಕೊಡಲಿಲ್ಲ. ಅವತ್ತು ತಾನು ಕೂಗಿದಷ್ಟು ಹೊತ್ತು ಇವಳೂ ಕಾಯಲಿ. ಮಂಜಿನ ಆಚೆ ಸೊಸೆಯ ಮುಖ ಕಾಣುತ್ತಿರಲಿಲ್ಲ. ಅವಳ ಹಣೆಯ ಬೆವರು ತನ್ನ ಮಣಿಕಟ್ಟಿನ ಮೇಲೆ ಬಿದ್ದದ್ದು ಮಾತ್ರ ಗೊತ್ತಾಯಿತು.

"ಅತ್ತೆ? ಉರೀತಿದೆಯಾ? ಹೇಳಿ ಅತ್ತೆ, ತೆಗೆದುಬಿಡ್ಲಾ?"

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಡಾಕ್ಟರು ಏನೋ ಹೇಳಲು ಬಾಯಿ ತೆರೆದರು. ದೊಡ್ಡ ಸಿಸ್ಟರ್ ಕೈ ಎತ್ತಿ ತಡೆದಳು.

ಇನ್ನೊಂದು ಹನಿ ಬೆವರು ಬಿತ್ತು.

"ಇಲ್ಲ," ಎಂದಳು ಕಾಜದಮ್ಮ ಕೊನೆಗೆ. ಯಂತ್ರದ ಕಡೆ ತಿರುಗಿ, ಗದ್ದವನ್ನು ಬಟ್ಟಲಿಗೆ ಊರಿ, ಹಣೆಯನ್ನು ಪಟ್ಟಿಗೆ ಒತ್ತಿದಳು. "ಹಾಕು. ಬೇಗ ಮುಗಿಸು. ಮನೇಲಿ ಎರಡು ಕೋಟು ಕಾಯ್ತಿವೆ."